ಬೇಲಿಟ್ಸ್‌ನ ಪಾಳು ಆಸ್ಪತ್ರೆಗಳು: ಇಷ್ಟು ದೊಡ್ಡದಾಗಿ ಯಾಕೆ ಕಟ್ಟಿದರು, ಆಮೇಲೆ ಯಾಕೆ ಖಾಲಿ ಬಿತ್ತು?

ಕಿಟಕಿಪಕ್ಕ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಬರ್ಲಿನ್‌ನಿಂದ ನೈಋತ್ಯಕ್ಕೆ ಸುಮಾರು 50 ಕಿಲೋಮೀಟರ್ ದೂರದಲ್ಲಿ ಬೇಲಿಟ್ಸ್ ಹೈಲ್‌ಷ್ಟೆಟೆನ್ ಅಂತ ಒಂದು ಜಾಗ ಇದೆ. ಪೈನ್ ಕಾಡಿನ ಮಧ್ಯೆ ಹಳೇ ಆಸ್ಪತ್ರೆ ಕಟ್ಟಡಗಳದ್ದೇ ಒಂದು ಊರು. ಅದರ ಫೋಟೋಗಳನ್ನು ನೋಡಿದಾಗಿನಿಂದ ತಲೆಯಲ್ಲಿ ಅದೇ ಓಡುತ್ತಿದೆ. ಉದ್ದುದ್ದ ಕಾರಿಡಾರ್, ಸಿಪ್ಪೆ ಏಳುತ್ತಿರುವ ಬಣ್ಣ, ದೊಡ್ಡ ದೊಡ್ಡ ಕಿಟಕಿ. ಒಂದು ಕಟ್ಟಡದ ನೆತ್ತಿಯ ಮೇಲಂತೂ ಮರಗಳೇ ಬೆಳೆದು ನಿಂತಿವೆ.

ಹುಡುಕಿದರೆ ಬರೀ ದೆವ್ವದ ಕಥೆಗಳೇ ಸಿಗುತ್ತವೆ. ಇಲ್ಲಾಂದ್ರೆ ‘ಹಿಟ್ಲರ್ ಇಲ್ಲಿ ಮಲಗಿದ್ದ’ ಅಂತ ಒಂದು ಸಾಲು. ನನಗೆ ಬೇಕಿರುವುದು ಅದಲ್ಲ. ಇದನ್ನು ಕಟ್ಟಿಸಿದವರು ಯಾರು, ದುಡ್ಡು ಎಲ್ಲಿಂದ ಬಂತು, ಯಾಕೆ ಇಷ್ಟೊಂದು ದೊಡ್ಡದು? ಒಬ್ಬರಾದ ಮೇಲೆ ಒಬ್ಬರು ಬಂದು ಬಳಸಿದ್ದಾರೆ. ಹಾಗಿದ್ದೂ ಕೊನೆಗೆ ಯಾರಿಗೂ ಬೇಡವಾಗಿದ್ದು ಹೇಗೆ? ರಾಜಧಾನಿಗೆ ಇಷ್ಟು ಹತ್ತಿರ, ಪಕ್ಕದಲ್ಲೇ ರೈಲು ನಿಲ್ದಾಣ, ಗಟ್ಟಿಮುಟ್ಟಾದ ಕಟ್ಟಡಗಳು. ಇವೆಲ್ಲ ಇದ್ದೂ ಪಾಳು ಬೀಳುವುದು ನನಗೆ ಅರ್ಥವೇ ಆಗುತ್ತಿಲ್ಲ. ಇಂಥ ಕಟ್ಟಡಗಳ ಬಗ್ಗೆ ಓದಿಕೊಂಡವರು ದಯವಿಟ್ಟು ಸ್ವಲ್ಪ ವಿವರವಾಗಿ ಹೇಳಿ.

ದಾಖಲೆಪೆಟ್ಟಿಗೆ ಬರೆದದ್ದು:

ಒಳ್ಳೇ ಪ್ರಶ್ನೆ. ದುಡ್ಡು ಎಲ್ಲಿಂದ ಬಂತು ಅಂತ ಕೇಳಿದಿರಲ್ಲ, ಅಲ್ಲಿಂದಲೇ ಶುರು ಮಾಡಬೇಕು. ಉಳಿದದ್ದೆಲ್ಲ ಅದರ ಹಿಂದೆಯೇ ಬರುತ್ತದೆ.

ಇದನ್ನು ಕಟ್ಟಿಸಿದ್ದು ರಾಜನೂ ಅಲ್ಲ, ಚರ್ಚೂ ಅಲ್ಲ. ಒಂದು ವಿಮಾ ಸಂಸ್ಥೆ. ಬಿಸ್ಮಾರ್ಕ್ ಕಾಲದಲ್ಲಿ, 1889ರಲ್ಲಿ, ಜರ್ಮನಿಯಲ್ಲಿ ಕಾರ್ಮಿಕರಿಗೆ ವೃದ್ಧಾಪ್ಯ ಮತ್ತು ಅಂಗವೈಕಲ್ಯ ವಿಮೆಯ ಕಾನೂನು ಬಂತು. ಕಾರ್ಮಿಕ ಒಂದಷ್ಟು ಕಟ್ಟಬೇಕು, ಮಾಲೀಕ ಒಂದಷ್ಟು ಕಟ್ಟಬೇಕು. ದುಡಿಯಲು ಆಗದ ಸ್ಥಿತಿ ಬಂದರೆ ಆ ನಿಧಿಯಿಂದ ಪಿಂಚಣಿ. ಆಗಿನ ಬರ್ಲಿನ್‌ನಲ್ಲಿ ಕಾರ್ಮಿಕರು ವಠಾರಗಳಲ್ಲಿ ಒತ್ತೊತ್ತಾಗಿ ಬದುಕುತ್ತಿದ್ದರು. ಒಂದರ ಹಿಂದೆ ಒಂದು ಅಂಗಳ, ಒಳಗಿನ ಕೋಣೆಗಳಿಗೆ ಬಿಸಿಲೇ ಇಲ್ಲ, ಒಂದೇ ಕೋಣೆಯಲ್ಲಿ ಇಡೀ ಸಂಸಾರ. ಕ್ಷಯ ಹರಡಲು ಇನ್ನೇನು ಬೇಕು? ಸಾಯುತ್ತಿದ್ದವರಲ್ಲಿ, ಹಾಸಿಗೆ ಹಿಡಿಯುತ್ತಿದ್ದವರಲ್ಲಿ, ದುಡಿಯುವ ವಯಸ್ಸಿನವರೇ ಜಾಸ್ತಿ. ಒಬ್ಬ ಯುವಕನಿಗೆ ಜೀವನಪೂರ್ತಿ ಪಿಂಚಣಿ ಕೊಡುವ ಬದಲು ಕೆಲವು ತಿಂಗಳು ಒಳ್ಳೇ ಜಾಗದಲ್ಲಿ ಇಟ್ಟು, ಹುಷಾರು ಮಾಡಿ, ಮತ್ತೆ ಕೆಲಸಕ್ಕೆ ಕಳಿಸಿದರೆ ನಿಧಿಗೂ ಒಳ್ಳೆಯದು ಅನ್ನುವುದು ಸಂಸ್ಥೆಯ ಲೆಕ್ಕ. ದಯೆ ಇರಲಿಲ್ಲ ಅಂತ ನಾನು ಹೇಳುತ್ತಿಲ್ಲ. ಆದರೆ ಲೆಕ್ಕ ಇದ್ದದ್ದರಿಂದಲೇ ಇಷ್ಟು ದೊಡ್ಡದಾಗಿ ಕಟ್ಟಲು ಸಾಧ್ಯವಾಯಿತು.

ರಾಬರ್ಟ್ ಕಾಖ್ ಕ್ಷಯದ ರೋಗಾಣುವನ್ನು ಕಂಡುಹಿಡಿದದ್ದು 1882ರಲ್ಲಿ. ರೋಗ ಹರಡುವುದು ಹೇಗೆ ಅಂತ ಗೊತ್ತಾಯಿತು, ಔಷಧಿ ಮಾತ್ರ ಇರಲಿಲ್ಲ. ವೈದ್ಯರ ಕೈಯಲ್ಲಿ ಇದ್ದದ್ದು ಗಾಳಿ, ಬಿಸಿಲು, ಹೊಟ್ಟೆತುಂಬ ಊಟ, ವಿಶ್ರಾಂತಿ. ಹೀಗಾಗಿ ಕಟ್ಟಡವೇ ಔಷಧಿ ಆಗಬೇಕಿತ್ತು. 1898ರಲ್ಲಿ ಕೆಲಸ ಶುರುವಾಯಿತು, 1902ಕ್ಕೆ ಮೊದಲ ರೋಗಿಗಳು ಬಂದರು. ವಾಸ್ತುಶಿಲ್ಪಿ ಹೈನೋ ಷ್ಮೀಡನ್. ಸುಮಾರು 600 ಹಾಸಿಗೆಗಳಿಂದ ಶುರುವಾಗಿ, 1905 ರಿಂದ 1908ರ ವಿಸ್ತರಣೆಯಲ್ಲಿ ಅದು ದುಪ್ಪಟ್ಟಾಯಿತು. ಒಟ್ಟು ಸುಮಾರು 60 ಕಟ್ಟಡ, 200 ಹೆಕ್ಟೇರ್ ಜಾಗ.

ಇದರ ನಕ್ಷೆ ನೋಡಿದರೆ ಕಟ್ಟಿದವರ ತಲೆ ಹೇಗೆ ಓಡಿತ್ತು ಅಂತ ಸ್ಪಷ್ಟವಾಗಿ ಕಾಣುತ್ತದೆ. ಪೂರ್ವ ಪಶ್ಚಿಮವಾಗಿ ರೈಲು ಹಳಿ. ಅದನ್ನು ದಾಟಿಕೊಂಡು ಉತ್ತರ ದಕ್ಷಿಣವಾಗಿ ರಸ್ತೆ. ನಾಲ್ಕು ಭಾಗ ಆಯಿತಲ್ವಾ? ಹಳಿಯ ಉತ್ತರಕ್ಕೆ ಶ್ವಾಸಕೋಶದ ಕ್ಷಯದವರು, ಅಂದರೆ ಇನ್ನೊಬ್ಬರಿಗೆ ಅಂಟಿಸುವವರು. ದಕ್ಷಿಣಕ್ಕೆ ಅಂಟುರೋಗವಲ್ಲದ ಕಾಯಿಲೆಯವರು. ರಸ್ತೆಯ ಪಶ್ಚಿಮಕ್ಕೆ ಹೆಂಗಸರು, ಪೂರ್ವಕ್ಕೆ ಗಂಡಸರು. ಕೆಲಸಗಾರರಿಗೂ ಅದೇ ಗೆರೆ: ಅಡುಗೆಮನೆ, ಬಟ್ಟೆ ಒಗೆಯುವ ಕಟ್ಟಡ ಹೆಂಗಸರ ಕಡೆ, ಬಾಯ್ಲರ್ ಮನೆ, ಕುದುರೆ ಲಾಯ ಗಂಡಸರ ಕಡೆ. ಬೇಕರಿ, ಮಾಂಸದಂಗಡಿ, ಅಂಚೆ ಕಚೇರಿ ಎಲ್ಲ ಅಲ್ಲೇ ಇತ್ತು. ವಿದ್ಯುತ್ತನ್ನೂ ಬಿಸಿಯನ್ನೂ ಒಟ್ಟಿಗೆ ಕೊಡುವ ಸ್ವಂತ ಸ್ಥಾವರ ಬೇರೆ. ಅಂಥದ್ದು ಆ ಕಾಲಕ್ಕೆ ತೀರಾ ಹೊಸದು.

ಇದಿಷ್ಟು ಯಾಕೆ ಹೇಳಿದೆ ಅಂದರೆ, ಮುಂದೆ ಬಂದವರೆಲ್ಲ ಬಂದದ್ದು ಇದೇ ಕಾರಣಕ್ಕೆ. ಸಾವಿರಾರು ಜನರನ್ನು ಬಹಳ ದಿನ, ಊರಿಂದ ದೂರ, ಹೊರಗಿನವರ ಹಂಗಿಲ್ಲದೆ ಇಟ್ಟುಕೊಳ್ಳುವುದಕ್ಕೆ ಹೇಳಿ ಮಾಡಿಸಿದ ಜಾಗ ಇದು. ಹಾಗೆ ಇಟ್ಟುಕೊಳ್ಳುವ ಅಗತ್ಯ ಇರುವ ಸಂಸ್ಥೆ ಇರುವವರೆಗೆ ಇದು ನಡೆಯಿತು. ಅಂಥ ಸಂಸ್ಥೆ ಇಲ್ಲವಾದಾಗ ನಿಂತಿತು.

ನೀಲಿಶಾಯಿ ಬರೆದದ್ದು:

ದಾಖಲೆಪೆಟ್ಟಿಗೆಯವರು ಸಂಸ್ಥೆಯ ಕಡೆಯಿಂದ ಚೆನ್ನಾಗಿ ಹೇಳಿದ್ದಾರೆ. ನಾನು ಹಾಸಿಗೆಯ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ. ಇಂಥ ಜಾಗಗಳ ಮಾತು ಬಂದಾಗಲೆಲ್ಲ ರೋಗಿಗಳೇ ಮರೆತುಹೋಗುತ್ತಾರೆ, ಅದು ನನಗೆ ನೋವಿನ ವಿಷಯ.

ಸಾಮಾನ್ಯವಾಗಿ ಒಬ್ಬ ರೋಗಿ ಇಂಥ ಕಡೆ ಇರುತ್ತಿದ್ದದ್ದು ಸುಮಾರು ಮೂರು ತಿಂಗಳು. ದಿನಕ್ಕೆ ಹಲವು ಗಂಟೆ ತೆರೆದ ಪಡಸಾಲೆಯಲ್ಲಿ ಒರಗು ಕುರ್ಚಿಯ ಮೇಲೆ ಮಲಗಿರಬೇಕು. ಚಳಿಗಾಲದಲ್ಲೂ ಅಷ್ಟೇ, ಕಂಬಳಿ ಸುತ್ತಿಕೊಂಡು. ಜೋರಾಗಿ ಮಾತಾಡುವಂತಿಲ್ಲ. ಕೆಮ್ಮು ಬಂದರೆ ಎಲ್ಲೆಂದರಲ್ಲಿ ಉಗುಳುವಂತಿಲ್ಲ. ಅದಕ್ಕಾಗಿ ಜೇಬಿನಲ್ಲಿ ಇಟ್ಟುಕೊಳ್ಳುವ ಒಂದು ಚಪ್ಪಟೆ ಗಾಜಿನ ಶೀಶೆ ಇತ್ತು, ಕಡು ನೀಲಿ ಬಣ್ಣದ್ದು, ಮುಚ್ಚಳ ಇರುವುದು. ಪೇಟರ್ ಡೆಟ್‌ವೈಲರ್ ಅನ್ನುವ ಜರ್ಮನ್ ವೈದ್ಯರು 1880ರ ದಶಕದ ಕೊನೆಯಲ್ಲಿ ಬಳಕೆಗೆ ತಂದದ್ದು. ನೀಲಿ ಗಾಜು ಯಾಕೆ ಅಂದರೆ ಒಳಗಿರುವುದು ಕಾಣಬಾರದು. ರೋಗಿ ಅದನ್ನು ಜೇಬಿನಿಂದ ತೆಗೆದು ಉಗುಳಿ, ಮುಚ್ಚಿ, ಮತ್ತೆ ಜೇಬಿಗೆ ಹಾಕಿಕೊಳ್ಳುತ್ತಿದ್ದ. ಆಮೇಲೆ ಅದನ್ನು ಖಾಲಿ ಮಾಡಿ ತೊಳೆಯಬೇಕು. ಆ ಕೆಲಸ ಮಾಡಿದವರನ್ನೂ ನೆನೆಯಬೇಕು.

ಕೋಣೆಗಳ ಮೂಲೆ ನೋಡಿ. ಆ ಕಾಲದ ಕ್ಷಯಧಾಮಗಳಲ್ಲಿ ಗೋಡೆ ನೆಲ ಸೇರುವ ಕಡೆ ಚೂಪಾದ ಮೂಲೆ ಬಿಡುತ್ತಿರಲಿಲ್ಲ, ಗುಂಡಗೆ ತಿರುಗಿಸುತ್ತಿದ್ದರು. ಮೂಲೆ ಇದ್ದರೆ ದೂಳು ಕೂರುತ್ತದೆ, ದೂಳಿನಲ್ಲಿ ರೋಗಾಣು ಇರುತ್ತದೆ ಅನ್ನುವ ಭಯ. ಗುಂಡಗಿದ್ದರೆ ಒದ್ದೆ ಬಟ್ಟೆ ಒಂದೇ ಸಲಕ್ಕೆ ಜಾರಿಕೊಂಡು ಹೋಗುತ್ತದೆ. ಗೋಡೆಗೆ ತೊಳೆಯಲು ಬರುವ ಬಣ್ಣ ಅಥವಾ ಟೈಲ್ಸ್. ಇವತ್ತು ಆಸ್ಪತ್ರೆ ಅಂದರೆ ನಮ್ಮ ಕಣ್ಣ ಮುಂದೆ ಬರುವ ಬೋಳು, ಬಿಳಿ ಕೋಣೆ ಇದೆಯಲ್ಲ, ಅದರಲ್ಲಿ ದೊಡ್ಡ ಪಾಲು ಕ್ಷಯದ ಭಯದಿಂದ ಬಂದದ್ದು.

ವಠಾರದ ಕತ್ತಲಿನಿಂದ ಬಂದ ಒಬ್ಬ ಹೊಲಿಗೆಯವಳಿಗೆ ಇಲ್ಲಿ ತನ್ನದೇ ಹಾಸಿಗೆ, ಹೊತ್ತು ಹೊತ್ತಿಗೆ ಊಟ, ಹಾಲು, ಸ್ನಾನದ ಮನೆ. ಬಹಳ ಜನಕ್ಕೆ ಜೀವನದಲ್ಲಿ ಅಂಥದ್ದು ಅದೇ ಮೊದಲು. ಎಲ್ಲರೂ ವಾಸಿಯಾಗಿ ಹೋಗಲಿಲ್ಲ, ವಾಸಿಯಾದವರೂ ಮತ್ತೆ ಅದೇ ವಠಾರಕ್ಕೇ ಹೋಗಬೇಕಿತ್ತು. ಆದರೂ ಸುಮ್ನೆ ‘ಭೂತದ ಆಸ್ಪತ್ರೆ’ ಅಂತ ಕರೆದುಬಿಡುವುದು ಅವರಿಗೆ ಮಾಡುವ ಅನ್ಯಾಯ.

ಹಾದಿಹೋಕ ಬರೆದದ್ದು:

ಸೇನೆಗಳ ಭಾಗ ನಾನು ಹೇಳುತ್ತೇನೆ, ಅದು ಈ ಜಾಗದ ಆಯಸ್ಸಿನಲ್ಲಿ ಅರ್ಧಕ್ಕಿಂತ ಜಾಸ್ತಿ.

1914ರಲ್ಲಿ ಯುದ್ಧ ಶುರುವಾದ ಕೂಡಲೇ ಇದು ಗಾಯಾಳು ಸೈನಿಕರ ಆಸ್ಪತ್ರೆ ಆಯಿತು. ಸೇನೆಗೆ ಬೇಕಾದದ್ದೆಲ್ಲ ಸಿದ್ಧವಾಗಿತ್ತು: ರೈಲು ಬಾಗಿಲಿಗೇ ಬರುತ್ತದೆ, ಹಾಸಿಗೆಗಳಿವೆ, ಅಡುಗೆಮನೆ ಇದೆ, ಸ್ವಂತ ವಿದ್ಯುತ್ ಇದೆ. ನೀವು ಹೇಳಿದ ಆ ಒಂದು ಸಾಲು ಇಲ್ಲಿಗೆ ಸೇರಿದ್ದು. ಸೋಮ್ ಯುದ್ಧದಲ್ಲಿ ತೊಡೆಗೆ ಗಾಯವಾಗಿ ಹಿಟ್ಲರ್ 1916ರ ಅಕ್ಟೋಬರ್‌ನಿಂದ ಡಿಸೆಂಬರ್ ಶುರುವಿನವರೆಗೆ ಇಲ್ಲಿದ್ದ. ಆಗ ಅವನು ಸಾವಿರಾರು ಸೈನಿಕರಲ್ಲಿ ಒಬ್ಬ. ಕಟ್ಟಡದ ಕಥೆಯಲ್ಲಿ ಇದಕ್ಕಿಂತ ಹೆಚ್ಚಿನ ಜಾಗ ಅವನಿಗೆ ಬೇಕಾಗಿಲ್ಲ.

ಯುದ್ಧ ಮುಗಿದ ಮೇಲೆ ಮತ್ತೆ ಕ್ಷಯ ರೋಗಿಗಳು ಬಂದರು. 1920ರ ದಶಕದ ಕೊನೆಯಲ್ಲಿ ಇಲ್ಲಿ ಒಂದು ದೊಡ್ಡ ಶಸ್ತ್ರಚಿಕಿತ್ಸೆ ಕಟ್ಟಡ ಎದ್ದಿತು. ಅದು ಗಮನಿಸಬೇಕಾದದ್ದು. ಗಾಳಿ ಬಿಸಿಲು ಮಾತ್ರ ಸಾಲದು ಅಂತ ಆಗ ವೈದ್ಯರಿಗೆ ಅನ್ನಿಸತೊಡಗಿತ್ತು. ರೋಗ ಹಿಡಿದ ಶ್ವಾಸಕೋಶಕ್ಕೆ ವಿಶ್ರಾಂತಿ ಕೊಡಲು ಎದೆಗೂಡಿನೊಳಗೆ ಗಾಳಿ ತುಂಬಿ ಅದನ್ನು ಕುಗ್ಗಿಸುವುದು, ಪಕ್ಕೆಲುಬು ತೆಗೆಯುವುದು, ಹೀಗೆಲ್ಲ ಮಾಡುತ್ತಿದ್ದರು. ಈಗ ಫೋಟೋಗಳಲ್ಲಿ ಜಾಸ್ತಿ ಕಾಣುವ ಆಪರೇಷನ್ ಕೋಣೆ ಇರುವುದು ಆ ಕಟ್ಟಡದಲ್ಲೇ.

ಎರಡನೇ ಮಹಾಯುದ್ಧದಲ್ಲಿ ಮತ್ತೆ ಸೇನೆಯ ಆಸ್ಪತ್ರೆ. 1945ರ ಏಪ್ರಿಲ್ ಕೊನೆಗೆ ಬರ್ಲಿನ್ ಸುತ್ತ ಕೊನೆಯ ಕಾದಾಟ ನಡೆದಾಗ ಇಲ್ಲಿ ಸುಮಾರು 3,000 ಗಾಯಾಳುಗಳು ಸಿಕ್ಕಿಹಾಕಿಕೊಂಡಿದ್ದರು. ಜರ್ಮನ್ ಜನರಲ್ ವೆಂಕ್‌ನ ಸೇನೆ ಅವರನ್ನು ಪಶ್ಚಿಮಕ್ಕೆ ಸಾಗಿಸಿತು. ನೀವು ನೋಡಿದ, ಚಾವಣಿಯ ಮೇಲೆ ಕಾಡು ಬೆಳೆದ ಕಟ್ಟಡ ಇದೆಯಲ್ಲ, ಅದಕ್ಕೆ ಆಲ್ಪೆನ್‌ಹೌಸ್ ಅಂತಾರೆ. ಮೊದಲು ಹೆಂಗಸರ ಕ್ಷಯಧಾಮ ಆಗಿತ್ತು. ಅದು ಸುಟ್ಟದ್ದು ಆ ಯುದ್ಧದಲ್ಲಿ. ಆಮೇಲೆ ಅದನ್ನು ಯಾರೂ ದುರಸ್ತಿ ಮಾಡಲಿಲ್ಲ.

1945ರಲ್ಲಿ ಸೋವಿಯತ್ ಸೇನೆ ಬಂತು. 1994ರವರೆಗೆ ಅವರದ್ದೇ. ಲೆಕ್ಕ ಹಾಕಿ, ಕ್ಷಯಧಾಮವಾಗಿ ನಡೆದದ್ದಕ್ಕಿಂತ ಸೋವಿಯತ್ ಆಸ್ಪತ್ರೆಯಾಗಿ ನಡೆದದ್ದೇ ಹೆಚ್ಚು ಕಾಲ. ತಮ್ಮ ದೇಶದ ಹೊರಗೆ ಅವರಿಗಿದ್ದ ಅತಿ ದೊಡ್ಡ ಸೇನಾ ಆಸ್ಪತ್ರೆ ಇದೇ. ಸುತ್ತ ಬೇಲಿ, ಊರಿನವರಿಗೆ ಪ್ರವೇಶ ಇಲ್ಲ. ಗೋಡೆಗಳ ಮೇಲೆ ರಷ್ಯನ್ ಅಕ್ಷರಗಳು ಕಾಣುತ್ತವಲ್ಲ, ಅವು ಈ ಕಾಲದವು.

ಒಂದು ವಿಷಯ ಕೇಳಿದವರು ಕಡಿಮೆ. ಪೂರ್ವ ಜರ್ಮನಿಯನ್ನು ಆಳಿದ ಎರಿಕ್ ಹೊನೆಕರ್ ಅಧಿಕಾರ ಕಳೆದುಕೊಂಡ ಮೇಲೆ ಅವನಿಗೂ ಹೆಂಡತಿ ಮಾರ್ಗೋಟ್‌ಗೂ ಇರಲು ಮನೆ ಇರಲಿಲ್ಲ. ಮೊದಲು ಒಬ್ಬ ಪಾದ್ರಿಯ ಮನೆಯಲ್ಲಿ ಆಶ್ರಯ, ಆಮೇಲೆ 1990ರ ಏಪ್ರಿಲ್‌ನಲ್ಲಿ ಈ ಆಸ್ಪತ್ರೆ. ಅಲ್ಲಿದ್ದಾಗಲೇ ಅವನ ದೇಶವೇ ನಕ್ಷೆಯಿಂದ ಹೋಯಿತು, ಅಕ್ಟೋಬರ್ 3, 1990ಕ್ಕೆ. ಜರ್ಮನ್ ಪೊಲೀಸರ ಹತ್ತಿರ ಬಂಧನದ ವಾರಂಟ್ ಇತ್ತು, ಆದರೆ ಸೋವಿಯತ್ ಸೇನೆಯ ಜಾಗದೊಳಗೆ ಕಾಲಿಡುವಂತಿರಲಿಲ್ಲ. 1991ರ ಮಾರ್ಚ್‌ನಲ್ಲಿ ಅವನನ್ನು ವಿಮಾನದಲ್ಲಿ ಮಾಸ್ಕೋಗೆ ಕರೆದುಕೊಂಡು ಹೋದರು. ರೋಗ ಹೊರಗೆ ಹೋಗದಿರಲಿ ಅಂತ ಮಾಡಿದ ಏರ್ಪಾಟು, ಕಾನೂನು ಒಳಗೆ ಬಾರದಿರಲು ಬಳಕೆಯಾಯಿತು.

ಕಿಟಕಿಪಕ್ಕ ಬರೆದದ್ದು:

ತುಂಬಾ ಧನ್ಯವಾದ. ಆ ನೀಲಿ ಶೀಶೆಯ ವಿಷಯ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತುಬಿಟ್ಟೆ.

ಆದರೆ ನನ್ನ ಕೊನೆಯ ಪ್ರಶ್ನೆ ಉಳಿದೇ ಇದೆ. 1994ರವರೆಗೆ ಆಸ್ಪತ್ರೆ ನಡೆಯುತ್ತಿತ್ತು ಅಂದರೆ ಅಲ್ಲಿಯವರೆಗೆ ಕಟ್ಟಡಗಳು ಬಳಸುವ ಸ್ಥಿತಿಯಲ್ಲೇ ಇದ್ದವು. ಫೋಟೋಗಳಲ್ಲಿ ಕಾಣುವ ಹಾಳು ನೂರು ವರ್ಷದ್ದು ಅಂತ ಅಂದುಕೊಳ್ಳುತ್ತೇವೆ, ಹಾಗಾದರೆ ಅದೆಲ್ಲ ಹತ್ತು ಇಪ್ಪತ್ತು ವರ್ಷದಲ್ಲೇ ಆಗಿದ್ದಾ? ಇಷ್ಟು ದಪ್ಪ ಗೋಡೆಯ ಕಟ್ಟಡ ಅಷ್ಟು ಬೇಗ ಹಾಳಾಗುತ್ತದಾ? ಮತ್ತೆ, ಪೂರ್ತಿ ಖಾಲಿ ಬಿತ್ತಾ ಅಥವಾ ಯಾರಾದರೂ ಬಳಸಲು ನೋಡಿದರಾ?

ಗಾರೆಕೆಲಸ ಬರೆದದ್ದು:

ಹೌದು, ಹೆಚ್ಚಿನ ಹಾಳು ಆಗಿರುವುದು ಆ ಕೆಲವು ವರ್ಷಗಳಲ್ಲೇ. ಸುಟ್ಟುಹೋಗಿದ್ದ ಆಲ್ಪೆನ್‌ಹೌಸ್ ಮಾತ್ರ ಬೇರೆ. ಹಳೇ ಕಟ್ಟಡಗಳ ದುರಸ್ತಿಯೇ ನನ್ನ ಕೆಲಸ, ಹಾಗಾಗಿ ಇದರ ಬಗ್ಗೆ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ. ಜನ ವಯಸ್ಸನ್ನು ದೂರುತ್ತಾರೆ. ವಯಸ್ಸಿನಿಂದ ಕಟ್ಟಡ ಬೀಳುವುದು ಬಹಳ ಅಪರೂಪ. ಬೀಳುವುದು ನೀರಿನಿಂದ.

ಇಂಥ ಕಟ್ಟಡದಲ್ಲಿ ಮೊದಲು ನಿಲ್ಲುವುದು ಬಿಸಿ. ಬಾಯ್ಲರ್ ಮನೆಯಿಂದ ಉಗಿ ಬರುತ್ತಿದ್ದಷ್ಟು ದಿನ ಗೋಡೆಗಳು ಒಣಗಿರುತ್ತವೆ, ಕೊಳವೆಯೊಳಗೆ ನೀರು ಹೆಪ್ಪುಗಟ್ಟುವುದಿಲ್ಲ. ಬಿಸಿ ನಿಂತ ಮೊದಲ ಚಳಿಗಾಲಕ್ಕೇ ಕೊಳವೆಗಳು ಒಡೆಯುತ್ತವೆ. ನೀರು ಹೆಪ್ಪುಗಟ್ಟಿದಾಗ ಶೇಕಡ 9ರಷ್ಟು ಹಿಗ್ಗುತ್ತದೆ, ಎರಕದ ಕಬ್ಬಿಣಕ್ಕೆ ಅದನ್ನು ತಡೆಯಲಾಗದು. ಎರಡನೆಯದು, ಕಳ್ಳರು. ಕಾವಲಿಲ್ಲದ ಕಟ್ಟಡದಿಂದ ಮೊದಲು ಹೋಗುವುದು ತಾಮ್ರ, ಸೀಸ, ಸತು. ಅಂದರೆ ವಿದ್ಯುತ್ ತಂತಿ, ಚಾವಣಿಯ ಅಂಚಿನ ತಗಡು, ಸೂರಿನ ನೀರು ಹಿಡಿಯುವ ದೋಣಿ. ತೂಕಕ್ಕೆ ಮಾರಿದರೆ ಅವರಿಗೆ ಸಿಗುವುದು ಅಲ್ಪಸ್ವಲ್ಪ. ಆದರೆ ಒಂದು ದೋಣಿ ಹೋದರೆ ಇಡೀ ಚಾವಣಿಯ ನೀರು ಒಂದೇ ಗೋಡೆಯ ಮೇಲೆ ಇಳಿಯುತ್ತದೆ.

ಕಳ್ಳರು ಬರದಿದ್ದರೂ ಎಲೆ ಬರುತ್ತದೆ. ಸುತ್ತ ಕಾಡು. ದೋಣಿಯಲ್ಲಿ ಎಲೆ ತುಂಬಿ, ಕೊಳೆತು, ಒಂದು ಹಿಡಿ ಮಣ್ಣಾಗುತ್ತದೆ. ಬರ್ಚ್ ಮರದ ಬೀಜ ಬಹಳ ಹಗುರ, ಗಾಳಿಯಲ್ಲಿ ಬಂದು ಅಲ್ಲಿ ಕೂರುತ್ತದೆ. ಒಂದು ಹಿಡಿ ಮಣ್ಣು ಅದಕ್ಕೆ ಸಾಕು. ಬೇರು ಇಟ್ಟಿಗೆಯ ಸಂದಿಗೆ ಇಳಿಯುತ್ತದೆ, ಸಂದಿ ಅಗಲವಾಗುತ್ತದೆ, ನೀರು ಅಲ್ಲಿಗೆ ಹೋಗುತ್ತದೆ, ಚಳಿಗಾಲದಲ್ಲಿ ಹೆಪ್ಪುಗಟ್ಟಿ ಇನ್ನಷ್ಟು ಬಿಡಿಸುತ್ತದೆ. ಒಳಗೆ ಮರದ ತೊಲೆಗಳ ತುದಿ ಗೋಡೆಯೊಳಗೆ ಕೂತಿರುತ್ತದೆ. ಗೋಡೆ ಒದ್ದೆಯಾದರೆ ಮೊದಲು ಕೊಳೆಯುವುದು ಹೊರಗೆ ಕಾಣದ ಆ ತುದಿ. ಕಟ್ಟಿಗೆಯಲ್ಲಿ ತೇವ ಶೇಕಡ 20 ದಾಟಿದರೆ ಶಿಲೀಂಧ್ರಕ್ಕೆ ಹಬ್ಬ. ತೊಲೆಯ ನಡುಭಾಗ ಗಟ್ಟಿ ಇದೆ ಅಂತ ನಂಬಿ ಕಾಲಿಟ್ಟವರು ಕೆಳಗೆ ಬಿದ್ದಿದ್ದಾರೆ. ಅದಕ್ಕೇ ಹೇಳುವುದು, ಇಂಥ ಕಡೆ ಬೇಲಿ ಹಾರಿ ಹೋಗಬೇಡಿ ಅಂತ. ಕಬ್ಬಿಣದ ತೊಲೆ ಇದ್ದರೂ ಪಾಡು ಬೇರೆಯಲ್ಲ: ತುಕ್ಕು ಹಿಡಿದ ಕಬ್ಬಿಣ ಉಬ್ಬಿ ಸುತ್ತಲಿನ ಇಟ್ಟಿಗೆಯನ್ನು ಒಡೆಯುತ್ತದೆ.

ಆಲ್ಪೆನ್‌ಹೌಸ್ ನೆತ್ತಿಯ ಕಾಡು ಹುಟ್ಟಿದ್ದು ಹೀಗೇ. ಚಾವಣಿ ಸುಟ್ಟುಹೋಗಿ ಮೇಲಿನ ಅಂತಸ್ತು ಆಕಾಶಕ್ಕೆ ತೆರೆದುಕೊಂಡಿತು, ಅಲ್ಲಿ ಮಣ್ಣು ಕೂತಿತು, ಪೈನ್ ಮತ್ತು ಬರ್ಚ್ ಬೆಳೆದವು. ಅದಕ್ಕೆ ಅರ್ಧ ಶತಮಾನಕ್ಕಿಂತ ಹೆಚ್ಚು ಸಮಯ ಸಿಕ್ಕಿತ್ತು.

ಯಾರಾದರೂ ಬಳಸಲು ನೋಡಿದರಾ ಅಂದರೆ, ನೋಡಿದರು. ಸೋವಿಯತ್ ಸೇನೆ ಹೋದ ಮೇಲೆ ಜಾಗ ಖಾಸಗಿ ಕೈಗೆ ಹೋಯಿತು. ಕೆಲವು ಕಟ್ಟಡ ಸರಿಮಾಡಿದರು, ನರರೋಗದ ಪುನಶ್ಚೇತನ ಆಸ್ಪತ್ರೆ ಶುರುವಾಯಿತು, ಪಾರ್ಕಿನ್ಸನ್ ರೋಗಿಗಳ ಚಿಕಿತ್ಸೆಗೂ ಜಾಗ ಸಿಕ್ಕಿತು. ಆ ಭಾಗ ಬದುಕಿಕೊಂಡಿತು. ಉಳಿದದ್ದಕ್ಕೆ ದುಡ್ಡು ಸಾಲಲಿಲ್ಲ, 2000ದ ಆಸುಪಾಸಿಗೆ ಮಾಲೀಕ ಕಂಪನಿ ದಿವಾಳಿಯಾಯಿತು. ಪಾರಂಪರಿಕ ಕಟ್ಟಡ ಅಂತ ರಕ್ಷಣೆ ಇರುವುದರಿಂದ ಕೆಡವುವಂತಿಲ್ಲ. ಸರಿಮಾಡಲು ದುಡ್ಡಿಲ್ಲ. ಪಾಳು ಬೀಳುವುದು ಈ ಎರಡರ ನಡುವೆ.

ದಾಖಲೆಪೆಟ್ಟಿಗೆ ಬರೆದದ್ದು:

ಗಾರೆಕೆಲಸ ಅವರು ಹೇಳಿದ್ದಕ್ಕೆ ಒಂದು ಮಾತು ಸೇರಿಸಬೇಕು. ದುಡ್ಡಿನ ಸಮಸ್ಯೆಯ ಹಿಂದೆ ಔಷಧಿಯ ಕಥೆ ಇದೆ. 1943ರಲ್ಲಿ ಸ್ಟ್ರೆಪ್ಟೊಮೈಸಿನ್ ಸಿಕ್ಕಿತು, 1952ರಲ್ಲಿ ಐಸೋನಿಯಜಿಡ್ ಬಂತು. ತಿಂಗಳುಗಟ್ಟಲೆ ಪಡಸಾಲೆಯಲ್ಲಿ ಮಲಗಿಸುವ ಚಿಕಿತ್ಸೆಗೇ ಅರ್ಥ ಹೋಯಿತು. ಪಶ್ಚಿಮ ಯುರೋಪ್, ಅಮೆರಿಕಗಳಲ್ಲಿ ಕ್ಷಯಧಾಮಗಳು 1950, 60ರ ದಶಕದಲ್ಲೇ ಒಂದೊಂದಾಗಿ ಮುಚ್ಚಿದವು ಅಥವಾ ಬೇರೆ ಆಸ್ಪತ್ರೆಗಳಾದವು. ಫಿನ್ಲೆಂಡ್‌ನ ಪೈಮಿಯೋ ನೋಡಿ, ಆಲ್ವಾರ್ ಆಲ್ಟೊ ಕಟ್ಟಿದ್ದು, 1933ರಲ್ಲಿ ಶುರುವಾದದ್ದು, 1960ರ ದಶಕದಲ್ಲಿ ಸಾಮಾನ್ಯ ಆಸ್ಪತ್ರೆಯಾಯಿತು. ಬೇಲಿಟ್ಸ್‌ಗೆ ಮಾತ್ರ ಆ ಪ್ರಶ್ನೆ ಆಗ ಎದುರಾಗಲೇ ಇಲ್ಲ, ಸೋವಿಯತ್ ಸೇನೆ ಅಲ್ಲಿತ್ತಲ್ಲ. ಬೇರೆಯವರು ಮೂವತ್ತು ವರ್ಷ ಮೊದಲೇ ಎದುರಿಸಿದ್ದನ್ನು ಇದು 1994ರಲ್ಲಿ ಒಂದೇ ಏಟಿಗೆ ಎದುರಿಸಬೇಕಾಯಿತು, ಅದೂ 60 ಕಟ್ಟಡಗಳಿಗೆ ಒಟ್ಟಿಗೆ.

ಹಾಲೆಂಡಿನ ಹಿಲ್ವರ್ಸಮ್‌ನಲ್ಲಿ ಝೊನೆಸ್ಟ್ರಾಲ್ ಅಂತ ಒಂದು ಕ್ಷಯಧಾಮ ಇದೆ. ವಜ್ರ ಕಾರ್ಮಿಕರ ಸಂಘ ಕಟ್ಟಿಸಿದ್ದು, 1928ರಲ್ಲಿ ಶುರುವಾಯಿತು. ವಾಸ್ತುಶಿಲ್ಪಿ ಯಾನ್ ಡಾಯ್ಕರ್ ಮತ್ತು ಅವರ ಜೊತೆಯವರು ಅದನ್ನು ಸುಮಾರು 30 ವರ್ಷ ಬಾಳಿದರೆ ಸಾಕು ಅಂತ ಯೋಚಿಸಿಯೇ ತೆಳು ಕಾಂಕ್ರೀಟು, ಗಾಜಿನಲ್ಲಿ ಕಟ್ಟಿದರು. ಅಷ್ಟರೊಳಗೆ ಕ್ಷಯ ಹೋಗಿಬಿಡುತ್ತದೆ ಅನ್ನುವ ನಂಬಿಕೆ. ಅದೂ ಒಂದು ಕಾಲ ಪಾಳು ಬಿದ್ದು, ಈಗ ಬಹಳ ಚೆನ್ನಾಗಿ ಸರಿಯಾಗಿದೆ. ತನ್ನ ಕೆಲಸ ಮುಗಿಯುತ್ತದೆ ಅಂತ ಗೊತ್ತಿದ್ದು ಕಟ್ಟಿದ ಸಂಸ್ಥೆ ಕಟ್ಟಡ ನನಗೆ ತಿಳಿದಂತೆ ಬಹಳ ಅಪರೂಪ. ಅವರ ಮೇಲೆ ನನಗೆ ಅಪಾರ ಗೌರವ.

ಊರಾಚೆ ಬರೆದದ್ದು:

ಈಗ ಅಲ್ಲಿ ಮಾಡಿರುವುದರ ಬಗ್ಗೆ ಯಾರೂ ಹೇಳಲಿಲ್ಲ. 2015ರಲ್ಲಿ ಅಲ್ಲಿ ಮರಗಳ ನೆತ್ತಿಯ ಎತ್ತರಕ್ಕೆ ಒಂದು ಸೇತುವೆಯಂಥ ದಾರಿ ಕಟ್ಟಿದರು, 300 ಮೀಟರಿಗಿಂತ ಉದ್ದ, ಅದು ಆಲ್ಪೆನ್‌ಹೌಸ್ ಮೇಲೆಯೇ ಹಾದುಹೋಗುತ್ತದೆ. ಟಿಕೆಟ್ ತೆಗೆದುಕೊಂಡು ಜನ ಮೇಲಿಂದ ಪಾಳು ಕಟ್ಟಡವನ್ನೂ ಅದರ ಮೇಲಿನ ಕಾಡನ್ನೂ ನೋಡುತ್ತಾರೆ. ಹಳಿಯ ಆಚೆ ಬದಿಯಲ್ಲಿ ಹಳೇ ಕಟ್ಟಡಗಳನ್ನು ಸರಿಮಾಡಿ ಮನೆಗಳಾಗಿ ಮಾರುತ್ತಿದ್ದಾರೆ, ಹೊಸ ಮನೆಗಳೂ ಬಂದಿವೆ.

ನನಗೆ ಆ ದಾರಿ ಇಷ್ಟವಾಗುವುದಿಲ್ಲ, ನೇರವಾಗಿ ಹೇಳುತ್ತೇನೆ. ರೋಗಿಗಳು ನರಳಿದ ಕಟ್ಟಡವನ್ನು ಮೇಲಿಂದ ನೋಡಿ, ಫೋಟೋ ತೆಗೆದುಕೊಂಡು, ಕಾಫಿ ಕುಡಿದು ಹೋಗುವುದು. ಅದೇ ದುಡ್ಡಿಗೆ ಒಂದು ಚಾವಣಿ ಹಾಕಿ ಒಳಗೆ ಜನ ವಾಸಿಸುವ ಹಾಗೆ ಮಾಡಬಹುದಿತ್ತು. ಬೋಸ್ಟನ್ ಹತ್ತಿರದ ಡ್ಯಾನ್ವರ್ಸ್ ಮಾನಸಿಕ ಆಸ್ಪತ್ರೆಯ ಗತಿ ಎಲ್ಲರಿಗೂ ಗೊತ್ತಿರಬೇಕು. 1878ರದ್ದು, 1992ರಲ್ಲಿ ಮುಚ್ಚಿತು. ಅಪಾರ್ಟ್‌ಮೆಂಟ್ ಮಾಡುವುದಕ್ಕಾಗಿ ಬಹುಪಾಲು ಕೆಡವಿದರು, ಮಧ್ಯದ ಕಟ್ಟಡದ ಹೊರಗೋಡೆ ಮಾತ್ರ ಉಳಿಸಿ ಒಳಗೆ ಪೂರ್ತಿ ಹೊಸದು. ಅದೂ ಬೇಡ. ಪಾಳನ್ನೇ ಪ್ರದರ್ಶನಕ್ಕೆ ಇಡುವುದೂ ಬೇಡ. ನ್ಯೂಯಾರ್ಕ್ ರಾಜ್ಯದ ಬಫಲೋದಲ್ಲಿ 1880ರ ಮಾನಸಿಕ ಆಸ್ಪತ್ರೆಯ ಒಂದು ಭಾಗವನ್ನು ಹೋಟೆಲ್ ಮಾಡಿದ್ದಾರಲ್ಲ, ಹಾಗೆ ಏನಾದರೂ ಆಗಬೇಕು. ಜನ ಒಳಗೆ ಇದ್ದರೇನೇ ಕಟ್ಟಡಕ್ಕೆ ಜೀವ.

ಗಾರೆಕೆಲಸ ಬರೆದದ್ದು:

ಊರಾಚೆ ಅವರೇ, ಜನ ಒಳಗಿದ್ದರೆ ಕಟ್ಟಡ ಉಳಿಯುತ್ತದೆ ಅನ್ನುವುದನ್ನು ನಾನು ಪೂರ್ತಿ ಒಪ್ಪುತ್ತೇನೆ. ಆಲ್ಪೆನ್‌ಹೌಸ್ ವಿಷಯದಲ್ಲಿ ಮಾತ್ರ ಒಪ್ಪುವುದಿಲ್ಲ. ಒಂದು ಚಾವಣಿ ಹಾಕಿದರೆ ಸಾಕಾಗುವ ಕಟ್ಟಡ ಅಲ್ಲ ಅದು. ಬೇರುಗಳು ಮೇಲಂತಸ್ತಿನ ನೆಲದೊಳಗೆ, ಗೋಡೆಯೊಳಗೆ ಹೋಗಿವೆ. ಮರ ತೆಗೆದರೆ ಬೇರು ಸತ್ತು, ಕೊಳೆತು, ಅಷ್ಟೂ ಜಾಗ ಟೊಳ್ಳಾಗುತ್ತದೆ. ಬಿಟ್ಟರೆ ಮರದ ಭಾರ, ಗಾಳಿಗೆ ಅದು ತೂಗುವಾಗಿನ ಎಳೆತ. ಮನೆಯಾಗಿ ಮಾಡುತ್ತೇನೆ ಅಂದರೆ ಕೊನೆಗೆ ಆಗುವುದು ನೀವೇ ಬೇಡ ಅಂದ ಡ್ಯಾನ್ವರ್ಸ್: ಹೊರಗೋಡೆ ಹಳೆಯದು, ಒಳಗೆಲ್ಲ ಹೊಸದು.

ಫಿಲಡೆಲ್ಫಿಯಾದ ಈಸ್ಟರ್ನ್ ಸ್ಟೇಟ್ ಜೈಲು ನೋಡಿ. 1829ರಲ್ಲಿ ಶುರುವಾಗಿದ್ದು, 1971ರಲ್ಲಿ ಮುಚ್ಚಿತು. ಅಂಗಳಗಳಲ್ಲಿ, ಕೋಣೆಗಳಲ್ಲಿ ಮರ ಬೆಳೆದವು. 1994ರಿಂದ ಜನರಿಗೆ ತೆರೆದಿದ್ದಾರೆ. ಅಲ್ಲಿ ಎಲ್ಲವನ್ನೂ ಹೊಸದು ಮಾಡಲು ಹೋಗಲಿಲ್ಲ, ಎಲ್ಲವನ್ನೂ ಬೀಳಲೂ ಬಿಡಲಿಲ್ಲ. ನೀರು ಬರುವುದನ್ನು ತಡೆದರು, ಬೀಳುವ ಗೋಡೆಗೆ ಊರೆ ಕೊಟ್ಟರು, ಉಳಿದದ್ದು ಇದ್ದ ಹಾಗೇ. ಟಿಕೆಟ್ ದುಡ್ಡು ಆ ಕೆಲಸಕ್ಕೇ ನೆರವಾಗುತ್ತದೆ. ನಮ್ಮ ಕೆಲಸದಲ್ಲಿ ಇದಕ್ಕಿಂತ ಪ್ರಾಮಾಣಿಕ ದಾರಿ ಕಡಿಮೆ. ಬೇಲಿಟ್ಸ್‌ನ ಆ ಕಾಲುದಾರಿಯೂ ಅಷ್ಟೇ. ಅದರ ಕಂಬಗಳು ನೆಲದ ಮೇಲೆ ನಿಂತಿವೆ, ಭಾರ ಪಾಳು ಗೋಡೆಯ ಮೇಲೆ ಬೀಳುವುದಿಲ್ಲ. ಕಾವಲು ಬಂತು, ಜನರ ಕಣ್ಣು ಬಂತು, ತಾಮ್ರ ಕದಿಯುವವರು ಕಡಿಮೆಯಾದರು.

ನೀಲಿಶಾಯಿ ಬರೆದದ್ದು:

ಇಬ್ಬರೂ ಹೇಳುವುದರಲ್ಲಿ ಸತ್ಯ ಇದೆ. ನನಗೆ ಮಾತ್ರ ಬೇಕಾದದ್ದು ಒಂದೇ. ಮನೆ ಮಾಡಲಿ, ದಾರಿ ಕಟ್ಟಲಿ, ಆ ಪಡಸಾಲೆಗಳಲ್ಲಿ ಒಂದನ್ನಾದರೂ ಒರಗು ಕುರ್ಚಿಗಳ ಸಮೇತ ಇದ್ದ ಹಾಗೆ ಇಡಬೇಕು. ಅಲ್ಲಿ ಮಲಗಿ ನೋಡಿದರೆ ಏನು ಕಾಣುತ್ತಿತ್ತು ಅಂತ ಬಂದವರಿಗೆ ಗೊತ್ತಾಗಬೇಕು. ಹೊನೆಕರ್, ಹಿಟ್ಲರ್ ಹೆಸರಿನ ಫಲಕ ಎಷ್ಟು ಬೇಕಾದರೂ ಹಾಕುತ್ತಾರೆ. ವಿಮೆಯ ಕಂತು ಕಟ್ಟಿ, ಈ ಜಾಗವನ್ನೇ ತಮ್ಮ ದುಡ್ಡಿನಿಂದ ನಿಲ್ಲಿಸಿದ ಹೊಲಿಗೆಯವರು, ಲೋಹದ ಕೆಲಸದವರು, ಮುದ್ರಣಾಲಯದವರು, ಅವರ ಬಗ್ಗೆ ಅಲ್ಲಿ ಒಂದು ಒಳ್ಳೇ ಕೋಣೆ ಬೇಕು.

ಕಿಟಕಿಪಕ್ಕ ಬರೆದದ್ದು:

ಎಲ್ಲರಿಗೂ ಮನಸಾರೆ ಧನ್ಯವಾದ. ನಾನು ಅಂದುಕೊಂಡದ್ದಕ್ಕಿಂತ ಬಹಳ ಜಾಸ್ತಿ ಸಿಕ್ಕಿತು. ಒಂದು ದಿನ ಅಲ್ಲಿಗೆ ಹೋಗುವ ಆಸೆ ಇದೆ. ಹೋದರೆ ಏನನ್ನು ಮೊದಲು ನೋಡಬೇಕು?

ದಾಖಲೆಪೆಟ್ಟಿಗೆ ಬರೆದದ್ದು:

ರೈಲಲ್ಲೇ ಹೋಗಿ, ರೋಗಿಗಳು ಬರುತ್ತಿದ್ದದ್ದು ಹಾಗೇ. ನಿಲ್ದಾಣದಲ್ಲಿ ಇಳಿದ ಮೇಲೆ ಮೊದಲು ಉತ್ತರ ಯಾವ ಕಡೆ, ದಕ್ಷಿಣ ಯಾವ ಕಡೆ ಅಂತ ನೋಡಿಕೊಳ್ಳಿ. ನಾಲ್ಕು ಭಾಗಗಳ ಲೆಕ್ಕ ತಲೆಯಲ್ಲಿದ್ದರೆ ಯಾವ ಕಟ್ಟಡ ಯಾರಿಗೆ ಅಂತ ನೀವೇ ಹೇಳಬಹುದು. ಮೇಲಿನ ದಾರಿಗೆ ಹೋಗುವ ಮೊದಲು ಬಾಯ್ಲರ್ ಮನೆ ಕಡೆ ನಡೆದು ಬನ್ನಿ, ಹೆಚ್ಚಿನವರು ಅದನ್ನು ಬಿಟ್ಟುಬಿಡುತ್ತಾರೆ. ಪಾಳು ಕಟ್ಟಡಗಳ ಒಳಗೆ ಹೋಗಬೇಕಿದ್ದರೆ ಗೈಡ್ ಜೊತೆ ಹೋಗುವ ವ್ಯವಸ್ಥೆ ಇದೆ, ಶಸ್ತ್ರಚಿಕಿತ್ಸೆ ಕಟ್ಟಡದ್ದು ತಪ್ಪಿಸಬೇಡಿ. ಒಳಗೆ ಹೋದಾಗ ಗೋಡೆಯ ಬಣ್ಣ ಸಿಪ್ಪೆ ಎದ್ದಿರುವ ಕಡೆ ಹತ್ತಿರದಿಂದ ನೋಡಿ. ಮೇಲಿನದು ಸೋವಿಯತ್ ಕಾಲದ್ದು, ಅದರ ಕೆಳಗೆ ಹಳೇ ಪದರಗಳು ಇರುತ್ತವೆ. ಫೋಟೋ ತೆಗೆದರೆ ಇಲ್ಲಿ ಹಾಕಿ.